ಮನೆಯ ಸರ್ವರಿಗೆ ಒಂದೇ ದಿಡ್ಡಿ ಬಾಗಿಲು

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಪ್ರಸಾರ ಯಂತ್ರ ಇಟ್ಟುಕೊಂಡು ಬಾನುಲಿ ಕೇಂದ್ರ ನಡೆಸಿದ್ದು ನಿಮ್ಮಲ್ಲಿ ಅನೇಕರಿಗೆ ಗೊತ್ತಿದೆ. ಆ ಮನೆಯಿಂದ ಹೊರಟ ದನಿ ಯಾರ ಬಳಿ ರೇಡಿಯೋ ಪೆಟ್ಟಿಗೆ ಇದೆಯೋ ಅವರಿಗೆಲ್ಲ ಕೇಳಿಸಬೇಕಿತ್ತು. ಕೇಳುವವರು ಹೆಚ್ಚಿದಷ್ಟೂ ಅದು ಸಾರ್ಥಕ. ಇವತ್ತು ನಾನು ಹೇಳಹೊರಟಿರುವ ಯಂತ್ರವೂ ಮನೆಯಲ್ಲೇ ಇರುವಂಥದ್ದು. ಆದರೆ ಅದರ ಧರ್ಮ ಬಾನುಲಿಯದಕ್ಕೆ ತೀರ ವಿರುದ್ಧ. ಎರಡೋ ನಾಲ್ಕೋ ಹಾರ್ಡ್ ಡಿಸ್ಕು ಹಾಕಿದ ಒಂದು ಸಣ್ಣ ಪೆಟ್ಟಿಗೆ, ಇಲ್ಲವೇ ಮೂಲೆ ಸೇರಿದ್ದ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಮಾಡಿಕೊಂಡ ಫೈಲ್ ಸರ್ವರ್. ಮದುವೆಯ ವಿಡಿಯೋ, ಅಜ್ಜ ಅಜ್ಜಿಯ ಫೋಟೋ, ಜಮೀನಿನ ಕ್ರಯಪತ್ರದ ಸ್ಕ್ಯಾನ್, ಮಕ್ಕಳ ಅಂಕಪಟ್ಟಿ, ಆದಾಯ ತೆರಿಗೆಯ ಕಾಗದ ಎಲ್ಲವೂ ಅದರೊಳಗೆ ಸೇರುತ್ತವೆ. ಮನೆಯ ವೈಫೈ ಒಳಗೆ ಯಾರ ಮೊಬೈಲಿನಲ್ಲಾದರೂ ತೆರೆದು ನೋಡಬಹುದು. ಮಗಳು ಪುಣೆಗೋ ಡಲ್ಲಾಸಿಗೋ ಹೋದಾಗ, ಅಪ್ಪ ಊರಿನಿಂದಾಚೆ ಇದ್ದಾಗ, ಅದೇ ಫೈಲು ಅಲ್ಲಿಂದಲೂ ಬೇಕೆನಿಸುತ್ತದೆ. ಇಂಟರ್ನೆಟ್ಟಿನ ಮೂಲಕ ಮನೆಯ ಸರ್ವರಿಗೆ ಬರುವುದು ಹೇಗೆ ಎಂಬ ಪ್ರಶ್ನೆ ಹುಟ್ಟುವುದು ಆಗ. ಆ ಪ್ರಶ್ನೆಗೆ ಸುಲಭವಾದ ಉತ್ತರವೊಂದಿದೆ, ಸರಿಯಾದ ಉತ್ತರ ಇನ್ನೊಂದಿದೆ. ಸುಲಭವಾದದ್ದನ್ನು ಬಿಟ್ಟು ಸರಿಯಾದದ್ದನ್ನು ಏಕೆ ಹಿಡಿಯಬೇಕು ಎಂಬುದೇ ಇಂದಿನ ಮಾತು.

ಮೊದಲು ಮನೆಯ ಜಾಲದ ಸ್ಥಿತಿಯನ್ನು ನೋಡೋಣ. ಇಂಟರ್ನೆಟ್ಟಿನ ಹಳೆಯ ವಿಳಾಸ ಪದ್ಧತಿಯಲ್ಲಿ ಇರುವುದು ಸುಮಾರು 429 ಕೋಟಿ ವಿಳಾಸಗಳು. ಜಗತ್ತಿನ ಮೊಬೈಲು, ಟಿವಿ, ಕಂಪ್ಯೂಟರುಗಳಿಗೆಲ್ಲ ಅವು ಸಾಲವು. 2011ರ ಫೆಬ್ರುವರಿಯಲ್ಲಿ ಆ ವಿಳಾಸಗಳ ಕೇಂದ್ರ ದಾಸ್ತಾನು ಬರಿದಾಯಿತು. ಅದಕ್ಕೆ ಬಹಳ ಮೊದಲೇ ಕಂಡುಕೊಂಡಿದ್ದ ಉಪಾಯದಂತೆ ಇಡೀ ಮನೆಗೆ ಹೊರಗಿನ ವಿಳಾಸ ಒಂದೇ, ಒಳಗಿನ ಉಪಕರಣಗಳಿಗೆ 192.168 ಎಂದು ಶುರುವಾಗುವ ಖಾಸಗಿ ವಿಳಾಸಗಳು. ಹೊರಗಿನದನ್ನೂ ಒಳಗಿನದನ್ನೂ ಹೊಂದಿಸುವ ಕೆಲಸ ರೂಟರಿನದು. ಒಳಗಿನವರು ಏನಾದರೂ ಕೇಳಿದರೆ ಅದರ ಉತ್ತರವನ್ನು ಅದು ಒಳಗೆ ಬಿಡುತ್ತದೆ. ಯಾರೂ ಕರೆಯದೆ ಹೊರಗಿನಿಂದ ಬಂದದ್ದನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ಬಿಟ್ಟುಬಿಡುತ್ತದೆ. ಊರಿನ ಅಗಸೆ ಬಾಗಿಲಿನ ಹಾಗೆ. ಸುಲಭದ ಉತ್ತರ ಇಲ್ಲೇ ಬರುತ್ತದೆ. ರೂಟರಿನಲ್ಲಿ ‘ಪೋರ್ಟ್ ಫಾರ್ವರ್ಡಿಂಗ್’ ಎಂಬ ಪುಟವಿದೆ. ಅಲ್ಲಿ ಒಂದು ಸಾಲು ಬರೆದರೆ, ಹೊರಗಿನಿಂದ ಇಂಥ ಸಂಖ್ಯೆಯ ಬಾಗಿಲಿಗೆ ಬಂದವರನ್ನೆಲ್ಲ ನೇರ ಸರ್ವರಿನ ಮುಂದೆ ನಿಲ್ಲಿಸು ಎಂದು ರೂಟರಿಗೆ ಅಪ್ಪಣೆ ಕೊಟ್ಟಂತೆ. ಐದು ನಿಮಿಷದ ಕೆಲಸ. ಡಲ್ಲಾಸಿನಲ್ಲಿರುವ ಮಗಳಿಗೆ ಫೋಟೋ ಕಾಣಿಸುತ್ತದೆ, ಮನೆಯವರಿಗೆಲ್ಲ ಸಂತೋಷ. ಆದರೆ ಮಗಳಿಗೆ ಕಂಡ ಆ ಬಾಗಿಲು ಜಗತ್ತಿಗೆಲ್ಲ ಕಾಣುತ್ತದೆ. ನನ್ನ ವಾದ ಇಷ್ಟೇ: ಮನೆಯ ಬೀರುವನ್ನು ಬೀದಿಗೆ ತಂದು ಅದಕ್ಕೆ ಬೀಗ ಹಾಕುವುದು ಬೇಡ. ಬೀರು ಒಳಗೇ ಇರಲಿ. ದೂರದಲ್ಲಿರುವ ನಮ್ಮವರು ಒಂದು ಚಿಕ್ಕ ದಿಡ್ಡಿ ಬಾಗಿಲಿನಿಂದ ಒಳಗೆ ಬಂದು ಬೀರು ತೆಗೆಯಲಿ.

ಎರಡೂ ಒಂದೇ ಅಲ್ಲವೇ, ಎಲ್ಲಿಯಾದರೇನು, ಬೀಗ ಬೀಗವೇ ಎಂದು ಕೇಳಬಹುದು. ಒಂದೇ ಅಲ್ಲ ಎನ್ನುವುದಕ್ಕೆ ದೊಡ್ಡ ಸಾಕ್ಷಿ 2017ರ ಮೇ 12ರಂದು ಸಿಕ್ಕಿತು. ವಿಂಡೋಸ್ ಕಂಪ್ಯೂಟರುಗಳು ಒಂದರೊಡನೊಂದು ಫೈಲು ಹಂಚಿಕೊಳ್ಳುವ ಪದ್ಧತಿಗೆ ಎಸ್‌ಎಂಬಿ ಎಂದು ಹೆಸರು. ಅದರ ಬಾಗಿಲಿನ ಸಂಖ್ಯೆ 445. ಮನೆಯ ಫೈಲ್ ಸರ್ವರುಗಳು ಹೆಚ್ಚಾಗಿ ಆಡುವುದು ಈ ಭಾಷೆಯನ್ನೇ. ಅದರ ಹಳೆಯ ಆವೃತ್ತಿಯಲ್ಲಿದ್ದ ಒಂದು ದೋಷವನ್ನು ಹಿಡಿದು ‘ವನ್ನಾಕ್ರೈ’ ಎಂಬ ಕಂಪ್ಯೂಟರ್ ಹುಳು ಆ ದಿನ ತಾನಾಗಿ ಹರಡಲಾರಂಭಿಸಿ, ಕೆಲವೇ ದಿನಗಳಲ್ಲಿ 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಫೈಲುಗಳನ್ನು ಗೂಢಲಿಪಿಗೆ ತಿರುಗಿಸಿ ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ 19,000ಕ್ಕೂ ಹೆಚ್ಚು ರೋಗಿಗಳ ಭೇಟಿಗಳು ರದ್ದಾದವೆಂದು ಆಮೇಲೆ ಅಂದಾಜು ಮಾಡಲಾಯಿತು. ಇದರಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಆ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಲ್ಲೇ, ಅಂದರೆ ಸುಮಾರು ಎರಡು ತಿಂಗಳು ಮೊದಲೇ ತೇಪೆ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಇನ್ನೂ ಮುಖ್ಯವಾದದ್ದು, ಆ ಹುಳು ಯಾರ ಪಾಸ್‌ವರ್ಡನ್ನೂ ಕೇಳಲಿಲ್ಲ, ಊಹಿಸಲೂ ಇಲ್ಲ. ಪಾಸ್‌ವರ್ಡ್ ಕೇಳುವ ಹಂತಕ್ಕೆ ಮುಂಚೆಯೇ, ಬಾಗಿಲು ತಟ್ಟಿದ ಸದ್ದಿನಲ್ಲೇ ಮೋಸವನ್ನು ಅಡಗಿಸಿ ಒಳಗೆ ನುಗ್ಗಿತು. ಬೀಗ ಗಟ್ಟಿಯೋ ಇಲ್ಲವೋ ಎಂಬ ಪ್ರಶ್ನೆಯೇ ಅಲ್ಲಿ ಏಳಲಿಲ್ಲ, ಏಕೆಂದರೆ ಒಡೆದದ್ದು ಕದದ ಹಲಗೆ.

ಅದು ಹಳೆಯ ಆವೃತ್ತಿಯ ಕತೆ, ಈಗಿನ ಎಸ್‌ಎಂಬಿ 3ರಲ್ಲಿ ಸಾಗುವ ಮಾಹಿತಿಯನ್ನೆಲ್ಲ ಗೂಢಲಿಪಿ ಮಾಡುವ ಅನುಕೂಲವೇ ಇದೆ ಎಂದು ತಿಳಿದವರು ಹೇಳಬಹುದು. ಮಾತು ನಿಜ. ಆದರೆ 2020ರ ಮಾರ್ಚಿನಲ್ಲಿ ಹೊರಬಿದ್ದು ‘ಎಸ್‌ಎಂಬಿ ಘೋಸ್ಟ್’ ಎಂದು ಹೆಸರಾದ ದೋಷ ಇದ್ದದ್ದು ಆ ಹೊಸ ಆವೃತ್ತಿಯಲ್ಲೇ. ಅದಕ್ಕೂ ಪಾಸ್‌ವರ್ಡ್ ಬೇಕಿರಲಿಲ್ಲ. ಮನೆಗಳಿಗೆಂದೇ ಮಾಡಿದ ಪೆಟ್ಟಿಗೆಗಳ ಅನುಭವ ಇನ್ನೂ ಕಹಿ. ತೈವಾನಿನ ಕ್ಯೂನ್ಯಾಪ್ ಕಂಪನಿಯ ಪೆಟ್ಟಿಗೆಗಳ ಮೇಲೆ 2021ರ ಏಪ್ರಿಲಿನಲ್ಲಿ ‘ಕ್ಯೂಲಾಕರ್’ ದಾಳಿ ನಡೆಯಿತು. ಕಳ್ಳನಿಗೆ ದಾರಿ ಕೊಟ್ಟದ್ದು ಬ್ಯಾಕಪ್ ಮಾಡಿಡುವ ತಂತ್ರಾಂಶದಲ್ಲಿದ್ದ ದೋಷ. ಕಾಪಾಡಲೆಂದು ಇಟ್ಟ ಸಲಕರಣೆಯೇ ಕನ್ನವಾಯಿತು. 2022ರ ಜನವರಿಯಲ್ಲಿ ‘ಡೆಡ್‌ಬೋಲ್ಟ್’ ಎಂಬ ಇನ್ನೊಂದು ಅದೇ ಪೆಟ್ಟಿಗೆಗಳಿಗೆ ಬಂದು ಒಂದೊಂದಕ್ಕೆ 0.03 ಬಿಟ್‌ಕಾಯಿನ್ ಒತ್ತೆಹಣ ಕೇಳಿತು. ಆಗ ಕಂಪನಿ ತನ್ನ ಗ್ರಾಹಕರಿಗೆ ಕೊಟ್ಟ ಸಲಹೆಯನ್ನು ನೆನಪಿಡಬೇಕು: ರೂಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗನ್ನು ನಿಲ್ಲಿಸಿ, ಪೆಟ್ಟಿಗೆಯನ್ನು ಇಂಟರ್ನೆಟ್ಟಿಗೆ ಕಾಣದಂತೆ ಮಾಡಿ. 2021ರ ಜೂನಿನಲ್ಲಿ ‘ಮೈ ಬುಕ್ ಲೈವ್’ ಎಂಬ ಪೆಟ್ಟಿಗೆಯನ್ನಿಟ್ಟುಕೊಂಡಿದ್ದ ಎಷ್ಟೋ ಜನ ಒಂದು ಬೆಳಿಗ್ಗೆ ಎದ್ದು ನೋಡಿದಾಗ ಅದು ಅಂಗಡಿಯಿಂದ ತಂದ ದಿನದಂತೆ ಖಾಲಿಯಾಗಿತ್ತು. ದೂರದಿಂದ ಯಾರೋ ಅಳಿಸು ಎಂಬ ಆಜ್ಞೆ ಕೊಟ್ಟಿದ್ದರು. 2015ರ ನಂತರ ಆ ಪೆಟ್ಟಿಗೆಗೆ ಹೊಸ ತೇಪೆಯೇ ಬಂದಿರಲಿಲ್ಲ. ಡಿಸ್ಕು ಮಾತ್ರ ಗಟ್ಟಿಯಾಗಿ ತಿರುಗುತ್ತಿದ್ದುದರಿಂದ ಯಾರೂ ಬದಲಾಯಿಸಿರಲಿಲ್ಲ. ಮನೆಯ ಸಾಮಾನು ಕೆಡುವವರೆಗೆ ಬಳಸುವುದು ನಮ್ಮ ಸಂಸಾರಗಳ ಒಳ್ಳೆಯ ಗುಣ. ಆದರೆ ಬೀದಿಗೆ ಮುಖ ಮಾಡಿ ನಿಂತ ತಂತ್ರಾಂಶಕ್ಕೆ ಆ ಲೆಕ್ಕ ಹಿಡಿಸುವುದಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಎಲ್ಲರ ಬಾಯಲ್ಲೂ ಒಂದೇ. ನಾವೇನು ಬ್ಯಾಂಕೇ, ಸರ್ಕಾರವೇ? ದಾವಣಗೆರೆಯ ಒಂದು ಮನೆಯನ್ನು ಯಾರು ಹುಡುಕಿಕೊಂಡು ಬರುತ್ತಾರೆ? ಹುಡುಕುವವನು ಮನುಷ್ಯನಾಗಿದ್ದರೆ ಈ ಮಾತು ಸರಿಯಿತ್ತು. 2013ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ‘ಝಡ್‌ಮ್ಯಾಪ್’ ಎಂಬ ಸಾಧನವನ್ನು ಪ್ರಕಟಿಸಿದರು. ಒಳ್ಳೆಯ ವೇಗದ ಸಂಪರ್ಕವಿರುವ ಒಂದೇ ಕಂಪ್ಯೂಟರು ಹಳೆಯ ಪದ್ಧತಿಯ ಅಷ್ಟೂ ಇಂಟರ್ನೆಟ್ ವಿಳಾಸಗಳ ಬಾಗಿಲನ್ನು 45 ನಿಮಿಷದೊಳಗೆ ಒಮ್ಮೆ ತಟ್ಟಿ ಬರಬಲ್ಲದು ಎಂದು ಅವರು ತೋರಿಸಿಕೊಟ್ಟರು. ಅವರ ಉದ್ದೇಶ ಅಧ್ಯಯನ. ಆದರೆ ಅದೇ ವಿದ್ಯೆ ಕಳ್ಳರಿಗೂ ಬರುತ್ತದೆ. ಅದಕ್ಕೂ ನಾಲ್ಕು ವರ್ಷ ಮೊದಲು, 2009ರಲ್ಲೇ ‘ಶೋಡಾನ್’ ಎಂಬ ಶೋಧಕ ಬಂದಿತ್ತು. ಯಾವ ವಿಳಾಸದಲ್ಲಿ ಯಾವ ಬಾಗಿಲು ತೆರೆದಿದೆ, ಅದರ ಹಿಂದೆ ಯಾವ ಯಂತ್ರವಿದೆ ಎಂದು ಪಟ್ಟಿ ಮಾಡಿ ಕೊಡುವುದೇ ಅದರ ಕೆಲಸ. ದಾವಣಗೆರೆಯ ಮನೆ ಎಂದು ಅದಕ್ಕೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಮೀನುಗಾರ ಒಂದು ಮೀನಿನ ಹೆಸರು ಹಿಡಿದು ಬಲೆ ಬೀಸುವುದಿಲ್ಲ. 2016ರ ‘ಮಿರಾಯ್’ ಹುಳು ಮನೆಗಳ ಕ್ಯಾಮೆರಾ ಮತ್ತು ರೂಟರುಗಳನ್ನು ವಶ ಮಾಡಿಕೊಂಡದ್ದು ಕಾರ್ಖಾನೆಯಿಂದ ಬಂದ, ಯಾರೂ ಬದಲಾಯಿಸದ ಅರುವತ್ತರಷ್ಟು ಹೆಸರು ಪಾಸ್‌ವರ್ಡುಗಳ ಒಂದು ಚಿಕ್ಕ ಪಟ್ಟಿಯಿಂದ. ಆ ಮನೆಗಳೂ ಯಾರೂ ಹುಡುಕದ ಸಾಧಾರಣ ಮನೆಗಳೇ.

ಹಾಗಿದ್ದರೆ ಬಾಗಿಲಿನ ಸಂಖ್ಯೆಯನ್ನು ಬದಲಾಯಿಸೋಣ, 445ರ ಬದಲು 48,000 ಎಂದೇನೋ ಇಡೋಣ ಎಂಬುದು ಎರಡನೆಯ ಸಲಹೆ. ಇದರಿಂದ ತಟ್ಟುವವರ ಗದ್ದಲ ಕಡಿಮೆಯಾಗುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇರುವ ಸಂಖ್ಯೆಗಳೇ 65,535. ಯಂತ್ರಕ್ಕೆ ಅಷ್ಟನ್ನೂ ತಟ್ಟಲು ಬೇಸರವಿಲ್ಲ. ಆಗಸ್ಟ್ ಕೆರ್ಕ್‌ಹಾಫ್ಸ್ ಎಂಬ ಭಾಷಾವಿದ್ವಾಂಸ 1883ರಲ್ಲಿ ಸೈನ್ಯದ ಗೂಢಲಿಪಿಗಳ ಬಗ್ಗೆ ಬರೆಯುತ್ತ ಒಂದು ನಿಯಮವನ್ನು ಹೇಳಿದ್ದ: ಬೀಗದ ಇಡೀ ರಚನೆ ಶತ್ರುವಿನ ಕೈಗೆ ಸಿಕ್ಕರೂ, ಬೀಗದ ಕೈಯೊಂದು ನಮ್ಮ ಬಳಿ ಉಳಿದಿದ್ದರೆ ಸಾಕು ಎನ್ನುವಂತೆ ಪದ್ಧತಿ ಇರಬೇಕು. 140 ವರ್ಷ ದಾಟಿದರೂ ಈ ನಿಯಮವನ್ನು ಮೀರಿದ ಮಾತು ಈ ಶಾಸ್ತ್ರದಲ್ಲಿ ಬಂದಿಲ್ಲ ಎಂದೇ ನನ್ನ ಅಭಿಪ್ರಾಯ. ಬಾಗಿಲನ್ನು ಬಚ್ಚಿಡುವುದನ್ನೇ ನಂಬಿದವನು, ಅದು ಕಂಡುಹೋದ ದಿನ ಏನೂ ಇಲ್ಲದವನಾಗುತ್ತಾನೆ.

ಹಾಗಾದರೆ ಕೈಯೊಂದನ್ನೇ ನಂಬಿದ ಬಾಗಿಲು ಯಾವುದು? ಅದರ ಹುಟ್ಟನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಜಾಲದ ಮೂಲಕ ಒಂದು ಯಂತ್ರದಿಂದ ಇನ್ನೊಂದಕ್ಕೆ ಫೈಲು ಸಾಗಿಸುವ ಎಫ್‌ಟಿಪಿ ಪದ್ಧತಿಯ ಮೊದಲ ಕರಡನ್ನು 1971ರ ಏಪ್ರಿಲಿನಲ್ಲಿ ಬರೆದವರು ಅಭಯ್ ಭೂಷಣ್. ಅಲಹಾಬಾದಿನಲ್ಲಿ ಹುಟ್ಟಿ, ಕಾನ್ಪುರದ ಐಐಟಿಯ ಮೊದಲ ತಂಡದಲ್ಲಿ ಓದಿ, ಅಮೆರಿಕದ ಎಂಐಟಿಗೆ ಹೋದವರು. ಆಗ ಜಾಲದಲ್ಲಿದ್ದದ್ದು ಬೆರಳೆಣಿಕೆಯ ವಿಶ್ವವಿದ್ಯಾಲಯಗಳು, ಸಂಶೋಧನಾಲಯಗಳು. ಒಬ್ಬರನ್ನೊಬ್ಬರು ಬಲ್ಲವರ ಆ ಬೀದಿಯಲ್ಲಿ ಪಾಸ್‌ವರ್ಡನ್ನು ಮುಚ್ಚುಮರೆಯಿಲ್ಲದ ಅಕ್ಷರಗಳಲ್ಲೇ ತಂತಿಯ ಮೇಲೆ ಕಳಿಸುವುದು ಯಾರಿಗೂ ತಪ್ಪಾಗಿ ಕಾಣಲಿಲ್ಲ. ಬೀದಿ ಬೆಳೆದು ಸಂತೆಯಾಯಿತು, ಪದ್ಧತಿ ಮಾತ್ರ ಹಾಗೇ ಉಳಿಯಿತು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಕದ್ದು ಕೇಳುವ ತಂತ್ರಾಂಶವಿಟ್ಟು ಪಾಸ್‌ವರ್ಡುಗಳನ್ನು ಬಾಚಿಕೊಂಡರು. ಅದನ್ನು ಕಂಡು ಅಲ್ಲಿನ ಸಂಶೋಧಕ ತಾತು ಯೂಲೋನೆನ್ ಎಲ್ಲವನ್ನೂ ಗೂಢಲಿಪಿಯಲ್ಲಿ ಸಾಗಿಸುವಂತೆ ಬರೆದದ್ದು ಎಸ್‌ಎಸ್‌ಎಚ್. ಇಂದು ಜಗತ್ತಿನ ಸರ್ವರುಗಳನ್ನು ನಡೆಸುವವರು ಬಹುಮಟ್ಟಿಗೆ ಒಳಹೋಗುವುದು ಇದೇ ಬಾಗಿಲಿನಿಂದ. ಇದರೊಳಗೇ ಫೈಲು ಸಾಗಿಸುವ ಎಸ್‌ಎಫ್‌ಟಿಪಿ ಇದೆ. ಹೆಸರಿನಲ್ಲಿ ಎಫ್‌ಟಿಪಿಗೆ ಹತ್ತಿರ, ಆದರೆ ಸಂಬಂಧವಿಲ್ಲದ ಬೇರೆ ಪದ್ಧತಿ. ಇವೆರಡನ್ನು ಒಂದೆಂದು ತಿಳಿದು ಹಳೆಯ ಎಫ್‌ಟಿಪಿಯ 21ನೆಯ ಬಾಗಿಲನ್ನು ತೆರೆದಿಡುವವರು ಇಂದಿಗೂ ಇದ್ದಾರೆ.

ಎಸ್‌ಎಸ್‌ಎಚ್‌ನ ನಿಜವಾದ ಬಲ ಜೋಡಿ ಬೀಗದ ಕೈಯಲ್ಲಿದೆ. ಎದುರುಬದುರು ಕೂತು ಗುಟ್ಟು ಹಂಚಿಕೊಳ್ಳದ ಇಬ್ಬರು, ಎಲ್ಲರೂ ಕೇಳುತ್ತಿರುವ ಜಾಗದಲ್ಲೇ ಒಂದು ಸಮಾನ ಗುಟ್ಟಿಗೆ ಬರಬಹುದೆಂದು 1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಪ್ರಕಟಿಸಿದ ಗಣಿತ ಇದರ ಬೇರು. ಮಗಳ ಲ್ಯಾಪ್‌ಟಾಪಿನಲ್ಲಿ ಎರಡು ಕೈಗಳು ಹುಟ್ಟುತ್ತವೆ: ಒಂದು ಬಹಿರಂಗದ್ದು, ಸರ್ವರಿನಲ್ಲಿ ಇಡಬಹುದಾದದ್ದು, ಇನ್ನೊಂದು ಗುಟ್ಟಿನದು, ಆ ಲ್ಯಾಪ್‌ಟಾಪನ್ನು ಬಿಟ್ಟು ಎಂದೂ ಹೊರಗೆ ಹೋಗದ್ದು. ಸರ್ವರಿಗೆ ಕನ್ನ ಹಾಕಿದವನಿಗೂ ಸಿಗುವುದು ಬಹಿರಂಗದ ಅರ್ಧ. ಅದರಿಂದ ಅವನು ಎಲ್ಲಿಗೂ ಹೋಗಲಾರ. ಹೀಗೆ ಕೈ ಇಟ್ಟುಕೊಂಡ ಮೇಲೆ ಪಾಸ್‌ವರ್ಡಿನಿಂದ ಒಳಬರುವ ದಾರಿಯನ್ನು ಪೂರಾ ಮುಚ್ಚಿಬಿಡಬೇಕು. ಅದು ತೆರೆದಿದ್ದರೆ ಊಹಿಸುವ ಯಂತ್ರಗಳು ಹಗಲಿರುಳು ಊಹಿಸುತ್ತಲೇ ಇರುತ್ತವೆ. ಇನ್ನೊಂದು ವಿಷಯ ಹೆಚ್ಚಿನವರ ಕಣ್ಣು ತಪ್ಪುತ್ತದೆ. ಮೊದಲ ಸಲ ಸರ್ವರಿಗೆ ಹೋಗುವಾಗ ಎಸ್‌ಎಸ್‌ಎಚ್ ಒಂದು ಉದ್ದನೆಯ ಅಕ್ಷರಸಾಲನ್ನು ತೋರಿಸಿ, ಇದು ಆ ಸರ್ವರಿನ ಬೆರಳಚ್ಚು, ಒಪ್ಪುತ್ತೀರಾ ಎಂದು ಕೇಳುತ್ತದೆ. ನಾವು ಓದದೆಯೇ ಹೌದು ಎನ್ನುತ್ತೇವೆ. ಸರ್ವರು ನಮ್ಮ ಗುರುತನ್ನು ಕೇಳುವಂತೆ ನಾವು ಸರ್ವರಿನ ಗುರುತನ್ನು ಕೇಳುವ ಗಳಿಗೆ ಅದೊಂದೇ. ವಿಮಾನ ನಿಲ್ದಾಣದ ವೈಫೈಯಲ್ಲಿ ನಡುವೆ ಕೂತವನು ತಾನೇ ನಿಮ್ಮ ಮನೆಯ ಸರ್ವರೆಂದು ನಟಿಸಿದರೆ ಅವನನ್ನು ಹಿಡಿದುಕೊಡುವುದು ಆ ಸಾಲೇ. ಮನೆಯಲ್ಲಿರುವಾಗಲೇ ಮೊದಲ ಸಂಪರ್ಕ ಮಾಡಿ ಆ ಬೆರಳಚ್ಚನ್ನು ತಾಳೆ ನೋಡಿಕೊಂಡರೆ, ಮುಂದೆ ಅದು ಬದಲಾದ ದಿನ ಯಂತ್ರವೇ ಎಚ್ಚರಿಸುತ್ತದೆ.

ಆದರೂ ಇಡೀ ಸಂಸಾರಕ್ಕೆ ಎಸ್‌ಎಸ್‌ಎಚ್ ಅಷ್ಟು ಹೊಂದುವುದಿಲ್ಲ. ಅಪ್ಪನ ಮೊಬೈಲಿನಲ್ಲಿ ಫೋಟೋ ಫೋಲ್ಡರು ಮನೆಯಲ್ಲಿ ಕಂಡಂತೆಯೇ ಹೊರಗೂ ಕಾಣಬೇಕಾದರೆ ಬೇಕಾದದ್ದು ವಿಪಿಎನ್, ಅಂದರೆ ಹೊರಗಿನ ಉಪಕರಣದಿಂದ ಮನೆಯ ಜಾಲದವರೆಗೆ ಗೂಢಲಿಪಿಯ ಒಂದು ಸುರಂಗ. ಜಾಹೀರಾತುಗಳಲ್ಲಿ ತಿಂಗಳ ಬಾಡಿಗೆಗೆ ಮಾರುವ ವಿಪಿಎನ್ ಇದಲ್ಲ. ಅಲ್ಲಿ ನೀವು ಹೊರಗೆ ಹೋಗುವುದು ಬೇರೆಯವರ ಬಾಗಿಲಿನಿಂದ. ಇಲ್ಲಿ ನೀವು ಒಳಗೆ ಬರುವುದು ನಿಮ್ಮದೇ ಬಾಗಿಲಿನಿಂದ. ಭಾರತದ ಸೈಬರ್ ಭದ್ರತೆ ನೋಡಿಕೊಳ್ಳುವ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲಿನಲ್ಲಿ ವಿಪಿಎನ್ ಸೇವೆ ಕೊಡುವವರು ಗ್ರಾಹಕರ ವಿವರಗಳನ್ನು ಐದು ವರ್ಷ ಇಟ್ಟಿರಬೇಕೆಂದು ನಿರ್ದೇಶನ ಹೊರಡಿಸಿದಾಗ, ವಿಪಿಎನ್ ಎಂಬ ಹೆಸರೇ ಕಾನೂನುಬಾಹಿರ ಎಂದು ಹೆದರಿದವರಿದ್ದಾರೆ. ಆ ಮಾತು ಸೇವೆ ಮಾರುವವರಿಗೆ ಸಂಬಂಧಿಸಿದ್ದು. ತನ್ನ ಮನೆಯವರಿಗಾಗಿ ತನ್ನ ಮನೆಯಲ್ಲಿ ಬಾಗಿಲಿಟ್ಟುಕೊಳ್ಳುವುದು ಬೇರೆ. ಇಂದಿನ ಮನೆಬಳಕೆಗೆ ನಾನು ಮೊದಲು ಹೆಸರಿಸುವುದು ವೈರ್‌ಗಾರ್ಡನ್ನು. ಜೇಸನ್ ಡೋನೆನ್‌ಫೆಲ್ಡ್ ರಚಿಸಿದ ಇದು 2020ರ ಮಾರ್ಚಿನಲ್ಲಿ ಲಿನಕ್ಸಿನ 5.6ನೆಯ ಆವೃತ್ತಿಯ ಒಡಲಿಗೇ ಸೇರಿತು. ಸುಮಾರು 4,000 ಸಾಲುಗಳ ತಂತ್ರಾಂಶ. ಪರಿಣತನೊಬ್ಬ ಕೂತು ಪೂರ್ತಿ ಓದಿ ಪರೀಕ್ಷಿಸಬಹುದಾದಷ್ಟು ಚಿಕ್ಕದು. ಇದರ ಇನ್ನೊಂದು ಗುಣ ನನಗೆ ಬಹಳ ಇಷ್ಟ. ಸರಿಯಾದ ಕೈ ಇಲ್ಲದವನು ಎಷ್ಟು ತಟ್ಟಿದರೂ ಇದು ಉತ್ತರವನ್ನೇ ಕೊಡುವುದಿಲ್ಲ. ಬೇಡ ಎಂದೂ ಹೇಳುವುದಿಲ್ಲ. ಹೊರಗಿನವನಿಗೆ ಅಲ್ಲಿ ಬಾಗಿಲೇ ಇಲ್ಲ, ಬರೀ ಗೋಡೆ. ಜಗತ್ತನ್ನೆಲ್ಲ ತಟ್ಟಿ ಪಟ್ಟಿ ಮಾಡುವ ಶೋಧಕಗಳಿಗೂ ಅದು ಸಿಗುವುದಿಲ್ಲ. ಮನೆಯವರು ಒಳಬಂದ ಮೇಲೆ ಎಂದಿನ ಎಸ್‌ಎಂಬಿ ಎಂದಿನಂತೆ ಒಳಗೆ ನಡೆಯುತ್ತದೆ, ಬೀದಿಗೆ ಕಾಣದೆ. ದೂರ ಹೆಚ್ಚಾದಾಗ ಅದು ನಿಧಾನವಾಗುವುದುಂಟು, ಏಕೆಂದರೆ ಅದು ಪ್ರತಿ ಹೆಜ್ಜೆಗೂ ಕೇಳಿ ಉತ್ತರ ಕಾಯುವ ಪದ್ಧತಿ. ದೊಡ್ಡ ವಿಡಿಯೋ ಇದ್ದರೆ ಅದೇ ಸುರಂಗದೊಳಗೆ ಎಸ್‌ಎಫ್‌ಟಿಪಿಯಲ್ಲಿ ಇಳಿಸಿಕೊಳ್ಳುವುದು ಮೇಲು. ಮನೆಯ ಜಾಲಕ್ಕೆ ರೂಟರು ತಾನಾಗಿ ಕೊಟ್ಟ 192.168.1 ಎಂಬ ಸಾಲನ್ನೇ ಇಟ್ಟುಕೊಂಡರೆ, ಹೋದ ನೆಂಟರ ಮನೆಯಲ್ಲೂ ಅದೇ ಸಾಲಿದ್ದು ಎರಡೂ ಕಲಸಿಹೋಗುತ್ತವೆ. ಮೊದಲೇ ಬೇರೆ ಸಾಲಿಗೆ ಬದಲಾಯಿಸಿಕೊಳ್ಳುವುದು ಜಾಣತನ.

ಇಲ್ಲಿ ನಮ್ಮ ದೇಶದ ಒಂದು ತೊಡಕು ಬರುತ್ತದೆ. ವಿಳಾಸಗಳ ಕೊರತೆಯಿಂದ ಅನೇಕ ಇಂಟರ್ನೆಟ್ ಕಂಪನಿಗಳು ಮನೆಗೆ ಹೊರಗಿನ ವಿಳಾಸವನ್ನೇ ಕೊಡುವುದಿಲ್ಲ. ನೂರಾರು ಮನೆಗಳನ್ನು ಒಂದು ವಿಳಾಸದ ಹಿಂದೆ ಕೂರಿಸುತ್ತವೆ. ರೂಟರಿನ ಪುಟದಲ್ಲಿ ಹೊರಗಿನ ವಿಳಾಸ 100.64ರಿಂದ 100.127ರ ನಡುವೆ ಇದ್ದರೆ ನಿಮ್ಮ ಮನೆಯೂ ಅಂಥದ್ದರ ಹಿಂದಿದೆ ಎಂದರ್ಥ. ಆ ಸಾಲನ್ನು 2012ರಲ್ಲಿ ಇದಕ್ಕೆಂದೇ ಮೀಸಲಿಟ್ಟರು. ಅಲ್ಲಿಗೆ ಹೊರಗಿನಿಂದ ಯಾರೂ ನೇರ ಬರಲಾರರು, ನೀವೂ ಸಹ. ಸ್ವಲ್ಪ ಹೆಚ್ಚು ಹಣ ಕೊಟ್ಟು ಸ್ಥಿರ ವಿಳಾಸ ಪಡೆಯುವುದು ಒಂದು ದಾರಿ. ಹೊಸ ಐಪಿವಿ6 ವಿಳಾಸ ಇನ್ನೊಂದು. ಅದರ ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿಯಲ್ಲಿದೆ. ಆದರೆ ಅಲ್ಲಿ ಪ್ರತಿಯೊಂದು ಉಪಕರಣಕ್ಕೂ ಹೊರಗಿನ ವಿಳಾಸ ಸಿಗುವುದರಿಂದ ರೂಟರಿನ ಕಾವಲುಗೋಡೆ, ಅಂದರೆ ಫೈರ್‌ವಾಲ್, ಚಾಲೂ ಇದೆಯೇ ಎಂದು ಖಚಿತ ಮಾಡಿಕೊಳ್ಳಬೇಕು. ಮೂರನೆಯದು ಟೇಲ್‌ಸ್ಕೇಲ್‌ನಂಥ ವ್ಯವಸ್ಥೆ. ಮನೆಯ ಸರ್ವರೂ ಮಗಳ ಮೊಬೈಲೂ ಎರಡೂ ಒಳಗಿನಿಂದ ಹೊರಗೆ ಕೈಚಾಚುತ್ತವೆ. ಮಧ್ಯಸ್ಥ ಯಂತ್ರವೊಂದು ಎರಡಕ್ಕೂ ಪರಿಚಯ ಮಾಡಿಸುತ್ತದೆ. ಗುಟ್ಟಿನ ಕೈಗಳು ಉಪಕರಣಗಳಲ್ಲೇ ಉಳಿಯುವುದರಿಂದ ಮಧ್ಯಸ್ಥನು ಫೈಲುಗಳನ್ನು ಓದಲಾರ. ರೂಟರಿನಲ್ಲಿ ಒಂದು ಬಾಗಿಲನ್ನೂ ತೆರೆಯಬೇಕಿಲ್ಲ. ಆದರೆ ಯಾರು ಒಳಗಿನವರು ಎಂದು ಹೇಳುವ ಅಧಿಕಾರ ಆ ವ್ಯವಸ್ಥೆಯಲ್ಲಿ ನೀವು ತೆರೆದ ಖಾತೆಯಲ್ಲಿರುವುದರಿಂದ, ಖಾತೆಗೆ ಎರಡು ಹಂತದ ದೃಢೀಕರಣ ಇಲ್ಲದೆ ಇದನ್ನು ಬಳಸಕೂಡದು.

ಈಗ ಬಲವಾದ ಆಕ್ಷೇಪಕ್ಕೆ ಬರುತ್ತೇನೆ. ಎಸ್‌ಎಸ್‌ಎಚ್ ಆಗಲಿ ವಿಪಿಎನ್ ಆಗಲಿ ಅವೂ ಮನುಷ್ಯರು ಬರೆದ ತಂತ್ರಾಂಶಗಳೇ ಅಲ್ಲವೇ? ಅವುಗಳಲ್ಲಿ ದೋಷ ಇರದೆ? ಇರುತ್ತದೆ, ಇತ್ತು ಕೂಡ. 2024ರ ಮಾರ್ಚ್ 29ರಂದು ಆಂದ್ರೆಸ್ ಫ್ರೋಯಿಂಡ್ ಎಂಬ ಎಂಜಿನಿಯರು ಒಂದು ಭಯಂಕರ ಸಂಗತಿಯನ್ನು ಬಹಿರಂಗಪಡಿಸಿದರು. ಎಕ್ಸ್‌ಝಡ್ ಎಂಬ, ಫೈಲು ಕುಗ್ಗಿಸುವ ಒಂದು ಸಾಧಾರಣ ತಂತ್ರಾಂಶದೊಳಗೆ ಯಾರೋ ಎರಡು ವರ್ಷಕ್ಕೂ ಹೆಚ್ಚು ಕಾಲ ವಿಶ್ವಾಸ ಗಳಿಸಿ ಎಸ್‌ಎಸ್‌ಎಚ್‌ಗೆ ಕಳ್ಳಬಾಗಿಲು ಹುದುಗಿಸಿದ್ದರು. ಒಳಹೋಗಲು ಎಂದಿಗಿಂತ ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಅವರು ಬೆನ್ನುಹತ್ತಿದ್ದರಿಂದ ಅದು ಲೋಕಕ್ಕೆಲ್ಲ ಹರಡುವ ಮುನ್ನವೇ ಸಿಕ್ಕಿತು. ಈ ಘಟನೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಇದರಿಂದ ಹೊರಡುವ ತೀರ್ಮಾನ ಎಲ್ಲ ಬಾಗಿಲೂ ಒಂದೇ ಎಂಬುದಲ್ಲ. ಸಾವಿರಾರು ಕಣ್ಣು ಕಾಯುವ ಒಂದು ಬಾಗಿಲಿನಲ್ಲಿ ನಡೆದ ಮೋಸ ವಾರಗಳಲ್ಲಿ ಸಿಕ್ಕಿಬಿತ್ತು. ಯಾರೂ ನೋಡದ ಪೆಟ್ಟಿಗೆಯಲ್ಲಿನ ದೋಷ ವರ್ಷಗಟ್ಟಲೆ ಕಾದು ಕುಳಿತಿತ್ತು. ಮನೆಯ ಸರ್ವರಿನಲ್ಲಿ ಫೋಟೋ ತೋರಿಸುವುದೊಂದು, ವಿಡಿಯೋ ಹರಿಸುವುದೊಂದು, ಕ್ಯಾಮೆರಾ ನೋಡುವುದೊಂದು, ಬ್ಯಾಕಪ್ಪಿನದೊಂದು ಎಂದು ಹತ್ತಾರು ತಂತ್ರಾಂಶಗಳಿರುತ್ತವೆ. ಅಷ್ಟನ್ನೂ ಬೀದಿಗಿಟ್ಟವನು ಅಷ್ಟರ ದೋಷಗಳಿಗೂ ಉತ್ತರ ಹೇಳಬೇಕು. ದಿಡ್ಡಿ ಬಾಗಿಲಿಟ್ಟವನು ಕಾಯಬೇಕಾದದ್ದು ಒಂದನ್ನು. ಚಿತ್ರದುರ್ಗದ ಕೋಟೆಗೆ ಏಳು ಸುತ್ತು. ಹೈದರಾಲಿಯ ಸೈನಿಕರು ನುಸುಳಿದ್ದು ಒಬ್ಬೊಬ್ಬರಾಗಿ ಮಾತ್ರ ತೂರಬಹುದಾದ ಕಿಂಡಿಯಲ್ಲಿ ಎಂದು ಜನ ಹೇಳುತ್ತ ಬಂದಿದ್ದಾರೆ. ಕಿಂಡಿ ಅಷ್ಟು ಕಿರಿದಾಗಿದ್ದರಿಂದಲೇ ಓಬವ್ವನ ಒನಕೆಯೊಂದು ಅಲ್ಲಿ ಸಾಕಾಯಿತು.

ಕಿಂಡಿಯ ಮಾತು ಬಂದದ್ದರಿಂದ, ನಮಗೆ ಗೊತ್ತಿಲ್ಲದೆಯೇ ರೂಟರಿನಲ್ಲಿ ಇರಬಹುದಾದ ಒಂದನ್ನು ಹೇಳಿಬಿಡುತ್ತೇನೆ. ಯುಪಿಎನ್‌ಪಿ ಎಂಬ ಅನುಕೂಲವೊಂದು ಅನೇಕ ರೂಟರುಗಳಲ್ಲಿ ಮೊದಲಿನಿಂದಲೇ ಚಾಲೂ ಇರುತ್ತದೆ. ಮನೆಯೊಳಗಿನ ಯಾವ ಉಪಕರಣವಾದರೂ, ನನಗೊಂದು ಬಾಗಿಲು ತೆರೆ ಎಂದರೆ ಅದು ಮನೆಯವರನ್ನು ಕೇಳದೆ ತೆರೆಯುತ್ತದೆ. ತಾನು ಯಾವ ಬಾಗಿಲನ್ನೂ ತೆರೆದಿಲ್ಲ ಎಂದು ನಂಬಿದವನ ಮನೆಯಲ್ಲೂ ಟಿವಿಯೋ ಕ್ಯಾಮೆರಾವೋ ತೆರೆಸಿಕೊಂಡಿರಬಹುದು. ಅದನ್ನು ಆರಿಸಿಬಿಡಬೇಕು.

ಇಷ್ಟೆಲ್ಲ ಏಕೆ, ಗೂಗಲ್ ಡ್ರೈವಿನಂಥ ಕಡೆ ಇಟ್ಟುಬಿಟ್ಟರೆ ಮುಗಿಯಲಿಲ್ಲವೇ ಎನ್ನುವವರಿಗೂ ನಾನು ಗೌರವದಿಂದಲೇ ಉತ್ತರ ಹೇಳಬೇಕು. ತೇಪೆ ಹಾಕಲು, ರೂಟರು ನೋಡಲು ಮನೆಯಲ್ಲಿ ಯಾರಿಗೂ ಬಿಡುವಿಲ್ಲ, ಆಸಕ್ತಿಯಿಲ್ಲ ಎಂದಾದರೆ ಅದೇ ಸರಿ. ಕಾಯುವವರಿಲ್ಲದ ಸ್ವಂತ ಸರ್ವರಿಗಿಂತ ಕಾವಲಿರುವ ಬಾಡಿಗೆ ಜಾಗ ಲೇಸು. ಆದರೆ ಉಚಿತವಾಗಿ ಸಿಗುವುದು 15 ಗಿಗಾಬೈಟ್. ಎರಡು ಮೂರು ಟೆರಾಬೈಟು ವಿಡಿಯೋ ಇರುವ ಸಂಸಾರ ಬಾಡಿಗೆಯನ್ನು ವರ್ಷವರ್ಷವೂ ಕಟ್ಟುತ್ತಲೇ ಇರಬೇಕು. ಖಾತೆ ಸ್ಥಗಿತವಾದರೆ ಎಲ್ಲವೂ ಒಟ್ಟಿಗೆ ಕೈತಪ್ಪುತ್ತದೆ. ಮೂರು ತಲೆಮಾರಿನ ಕಾಗದಪತ್ರ ಮನೆಯಲ್ಲೇ ಇರಲಿ ಎಂದು ಬಯಸುವುದು ಹಟವೇನಲ್ಲ. ಹಾಗೆ ಬಯಸುವವರು ಕಾವಲಿನ ಹೊಣೆಯನ್ನೂ ಹೊರಬೇಕು, ಅಷ್ಟೇ.

ಆ ಹೊಣೆಯಲ್ಲಿ ಬಾಗಿಲಿಗಿಂತ ಮನುಷ್ಯರ ಪಾಲು ದೊಡ್ಡದು. ಇಡೀ ಮನೆಗೆ ಒಂದೇ ಬೀಗದ ಕೈ ಮಾಡಿ ಎಲ್ಲರ ಮೊಬೈಲಿಗೂ ಹಾಕಿದರೆ, ಒಂದು ಮೊಬೈಲು ಬಸ್ಸಿನಲ್ಲಿ ಕಳೆದ ದಿನ ಎಲ್ಲರ ಕೈಯನ್ನೂ ಬದಲಾಯಿಸಬೇಕಾಗುತ್ತದೆ. ಒಬ್ಬೊಬ್ಬರಿಗೆ, ಒಂದೊಂದು ಉಪಕರಣಕ್ಕೆ ಬೇರೆ ಬೇರೆ ಕೈ ಇದ್ದರೆ ಕಳೆದದ್ದರ ಒಂದು ಸಾಲನ್ನು ಅಳಿಸಿದರೆ ಮುಗಿಯಿತು. ಫೋಟೋ ನೋಡುವವರಿಗೆ ಓದುವ ಹಕ್ಕು ಸಾಕು, ಅಳಿಸುವ ಹಕ್ಕು ಬೇಡ. ಹೊರಗಿನಿಂದ ಬಂದವರಿಗೆ ಇಡೀ ಮನೆಯ ಜಾಲ ಕಾಣಬೇಕಿಲ್ಲ, ಸರ್ವರಿನ ಒಂದು ವಿಳಾಸ ಕಂಡರೆ ಸಾಕು. ಇಷ್ಟಾದ ಮೇಲೂ ಒಂದು ಪ್ರತಿ ಬೇರೆಡೆ, ಯಾವ ತಂತಿಗೂ ಅಂಟದೆ ಇರಬೇಕು. ಎರಡು ಡಿಸ್ಕಿಗೆ ಒಟ್ಟಿಗೆ ಬರೆಯುವ ರೇಡ್ ವ್ಯವಸ್ಥೆಯನ್ನೇ ಬ್ಯಾಕಪ್ ಎಂದು ತಿಳಿಯುವುದು ದೊಡ್ಡ ತಪ್ಪು. ಡಿಸ್ಕು ಕೆಟ್ಟರೆ ಅದು ಉಳಿಸುತ್ತದೆ. ಕಳ್ಳ ಗೂಢಲಿಪಿ ಮಾಡಿದರೆ ಎರಡೂ ಡಿಸ್ಕಿನಲ್ಲಿ ಅದೇ ಗಳಿಗೆಯಲ್ಲಿ ಗೂಢಲಿಪಿಯಾಗುತ್ತದೆ. ತಿಂಗಳಿಗೊಮ್ಮೆ ಪ್ರತಿ ಮಾಡಿ ಬೀರುವಿನಲ್ಲಿಟ್ಟ ಡಿಸ್ಕನ್ನು ಯಾವ ಹುಳುವೂ ಮುಟ್ಟಲಾರದು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಸೂರೆ ಹೋಗುವ ಮುನ್ನ ಮಾಡಬೇಕಾದ ಮೊದಲ ಕೆಲಸ ಕಾಲು ಗಂಟೆಯದು. ಈ ಭಾಷಣ ಮುಗಿದ ಮೇಲೆ ನಿಮ್ಮ ರೂಟರಿನ ಪುಟ ತೆರೆಯಿರಿ, ಇಲ್ಲವೇ ಮನೆಯಲ್ಲಿ ಬಲ್ಲ ಹುಡುಗರಿಂದ ತೆರೆಸಿ. ಪೋರ್ಟ್ ಫಾರ್ವರ್ಡಿಂಗ್ ಪಟ್ಟಿಯನ್ನು ಓದಿ. ಅಲ್ಲಿ 445 ಇದ್ದರೆ, 21 ಇದ್ದರೆ, ಏನೆಂದು ನೆನಪಿಲ್ಲದ ಯಾವ ಸಂಖ್ಯೆಯೇ ಇದ್ದರೂ ಇವತ್ತೇ ಅಳಿಸಿ. ದಿಡ್ಡಿ ಬಾಗಿಲನ್ನು ನಾಳೆ ನಿಧಾನವಾಗಿ ಇಟ್ಟುಕೊಳ್ಳಬಹುದು. ಎರಡು ದಿನ ಡಲ್ಲಾಸಿಗೆ ಫೋಟೋ ಕಾಣದಿದ್ದರೆ ನಷ್ಟವಿಲ್ಲ.